ಹೊಲದ ಪುಸ್ತಕ: ಅವರವರ ಬೇಸಾಯಕ್ಕೆ ಒಪ್ಪುವ ರಚನೆ

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸರ್ಕಾರಿ ಕಚೇರಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಕಡತ’ ಎಂಬ ಮಾತು ಹಿಂದೆ ಒಂದು ಬಗೆಯ ಬಟ್ಟೆಯ ಪುಸ್ತಕದ ಹೆಸರಾಗಿತ್ತು. ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ವರ್ತಕರೂ ಶಾನುಭೋಗರೂ ತಮ್ಮ ಲೆಕ್ಕಪತ್ರಗಳನ್ನು ಇಂಥ ಕಡತಗಳಲ್ಲಿ ಇಡುತ್ತಿದ್ದರು. ಬೇಕಾದ ಮಡಿಕೆಯನ್ನು ತೆರೆದು ನೋಡಬಹುದಾಗಿತ್ತು. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಬರೆಯುವವನ ಕೆಲಸ ಹೇಗಿತ್ತೋ ಪುಸ್ತಕವೂ ಹಾಗೆಯೇ ರೂಪುಗೊಂಡಿತ್ತು.

ವರ್ತಕನಿಗೆ ಕಡತವಿತ್ತು. ಭೂಮಿ ಉಳುವವನ ಲೆಕ್ಕ ಮಾತ್ರ ಬಹುಮಟ್ಟಿಗೆ ನೆನಪಿನಲ್ಲಿಯೇ ಉಳಿಯಿತು. ಈಗಲೂ ಎಷ್ಟೋ ಮನೆಗಳಲ್ಲಿ ಹಾಲಿನ ಲೆಕ್ಕ ಗೋಡೆಯ ಕ್ಯಾಲೆಂಡರಿನ ಮೇಲೆ, ಕೂಲಿಯ ಲೆಕ್ಕ ಬೀಡಿಯ ಕಟ್ಟಿನ ಹಿಂಬದಿಯಲ್ಲಿ, ಗೊಬ್ಬರದ ರಸೀದಿ ಸೂರಿನ ಸಂದಿಯಲ್ಲಿ ಇರುತ್ತದೆ. ಇವೆಲ್ಲ ದಾಖಲೆಗಳೇ. ರೈತನು ಬರೆಯುವುದಿಲ್ಲ ಎಂಬುದು ನಿಜವಲ್ಲ. ಬರೆದದ್ದು ಒಂದೆಡೆ ಸೇರುವುದಿಲ್ಲ, ಬೇಕಾದಾಗ ಸಿಗುವುದಿಲ್ಲ ಎಂಬುದು ಮಾತ್ರ ನಿಜ.

ಇದನ್ನು ಸರಿಪಡಿಸುವ ಉದ್ದೇಶದಿಂದ ಅನೇಕ ಸಂಸ್ಥೆಗಳು ಅಚ್ಚುಕಟ್ಟಾದ ದಿನಚರಿ ಪುಸ್ತಕಗಳನ್ನು ಮುದ್ರಿಸಿ ಹಂಚುತ್ತವೆ. ಅವುಗಳಲ್ಲಿ ಹತ್ತಾರು ಕಲಮುಗಳಿರುತ್ತವೆ. ರೈತನು ಉತ್ಸಾಹದಿಂದ ಮೊದಲ ವಾರ ತುಂಬುತ್ತಾನೆ. ಬಿತ್ತನೆಯ ಗಡಿಬಿಡಿ ಬಂದಾಗ ಪುಸ್ತಕ ಅಟ್ಟಕ್ಕೆ ಏರುತ್ತದೆ. ಇದಕ್ಕೆ ರೈತನ ಸೋಮಾರಿತನವೇ ಕಾರಣವೆಂದು ವಿಸ್ತರಣಾ ಕಾರ್ಯಕರ್ತರು ತಿಳಿಯುವುದುಂಟು. ಆದರೆ ತೆಂಗಿನ ತೋಟದವನಿಗೂ ರಾಗಿ ಹೊಲದವನಿಗೂ ಒಂದೇ ಅಂಗಿ ಹೊಲಿಸಿದರೆ ಇಬ್ಬರಿಗೂ ಅದು ಒಪ್ಪುವುದಿಲ್ಲ. ಹೊಲದ ಪುಸ್ತಕವನ್ನು ಯಾರು ಬರೆಯುತ್ತಾರೋ ಅವರೇ ಅದರ ವಿಭಾಗಗಳನ್ನೂ ಕಲಮುಗಳನ್ನೂ ಗೊತ್ತುಮಾಡಬೇಕು. ಅದನ್ನು ಹೇಗೆ ಮಾಡಬಹುದೆಂಬುದೇ ಈ ಉಪನ್ಯಾಸದ ವಿಷಯ.

ಮೊದಲು ಪ್ರಶ್ನೆ, ಆಮೇಲೆ ಕಲಮು

ಪುಸ್ತಕಕ್ಕೆ ಗೆರೆ ಎಳೆಯುವ ಮುನ್ನ ರೈತನು ಮನೆಯವರೊಡನೆ ಕುಳಿತು, ವರ್ಷದ ಕೊನೆಯಲ್ಲಿ ಈ ಪುಸ್ತಕವನ್ನು ತೆರೆದು ಯಾವ ಪ್ರಶ್ನೆಗಳನ್ನು ಕೇಳಬೇಕಾಗಿದೆ ಎಂಬುದನ್ನು ಮಾತಾಡಿಕೊಳ್ಳಬೇಕು. ಸಾಲ ತೀರಿಸಿದ ಮೇಲೆ ಮನೆಗೆ ಉಳಿದದ್ದೆಷ್ಟು? ಯಾವ ಹೊಲ ದುಡಿಯುತ್ತಿದೆ, ಯಾವುದು ಕುಳಿತು ತಿನ್ನುತ್ತಿದೆ? ಕೊಳವೆಬಾವಿಯ ನೀರನ್ನು ಟೊಮೇಟೊಗೆ ಹರಿಸಿದ್ದು ಸರಿಯೇ, ಮೇವಿನ ಬೆಳೆಗೆ ಹರಿಸಬೇಕಾಗಿತ್ತೇ? ಗುತ್ತಿಗೆಗೆ ಪಡೆದ ಎರಡು ಎಕರೆಯನ್ನು ಮುಂದಿನ ವರ್ಷವೂ ಇಟ್ಟುಕೊಳ್ಳಬೇಕೇ?

ಇಂಥ ನಾಲ್ಕೈದು ಪ್ರಶ್ನೆಗಳನ್ನು ಪುಸ್ತಕದ ರಕ್ಷಾಪುಟದ ಒಳಬದಿಯಲ್ಲಿ ಬರೆದಿಡಬೇಕು. ಈ ಪ್ರಶ್ನೆಗಳಲ್ಲಿ ಯಾವುದಕ್ಕೂ ಉತ್ತರ ಕೊಡದ ಕಲಮನ್ನು ಪುಸ್ತಕದಲ್ಲಿ ಇಡಬೇಕಾದ ಅಗತ್ಯವಿಲ್ಲ. ಪ್ರಶ್ನೆಯೊಂದಕ್ಕೆ ಉತ್ತರ ಹೇಳಬಲ್ಲ ಕಲಮು ಬಿಟ್ಟುಹೋಗಿದ್ದರೆ ಅದನ್ನು ಸೇರಿಸಲೇಬೇಕು. ಪುಸ್ತಕದ ರಚನೆಗೆ ಇದೇ ಮೂಲ ಸೂತ್ರ.

ದಿನದ ಸರದಿಯೋ, ಹೊಲದ ಸರದಿಯೋ?

ಹೆಚ್ಚಿನವರು ಪುಸ್ತಕವನ್ನು ದಿನದ ಸರದಿಯಂತೆ ಬರೆಯುತ್ತಾರೆ. ಇಂದು ಮೇಲಿನ ಹೊಲದಲ್ಲಿ ಕುಂಟೆ, ನಾಳೆ ಬಾವಿ ಹೊಲಕ್ಕೆ ಗೊಬ್ಬರ, ನಾಡಿದ್ದು ಸಂತೆ. ಬರೆಯಲು ಇದು ಸುಲಭ. ಆದರೆ ಮೇಲಿನ ಹೊಲಕ್ಕೆ ಈ ವರ್ಷ ಏನೆಲ್ಲ ಮಾಡಲಾಯಿತು ಎಂದು ತಿಳಿಯಲು ಇಡೀ ಪುಸ್ತಕವನ್ನು ತಿರುವಿಹಾಕಬೇಕಾಗುತ್ತದೆ. ಪ್ರತಿಯೊಂದು ಹೊಲಕ್ಕೂ ಬೇರೆ ಪುಟಗಳನ್ನು ಮೀಸಲಿಟ್ಟರೆ ಬರೆಯುವಾಗ ಒಂದಿಷ್ಟು ಹೆಚ್ಚು ಶ್ರಮವಾದರೂ ಓದುವಾಗ ಉತ್ತರ ಒಂದೇ ಕಡೆ ಸಿಗುತ್ತದೆ.

ಇದರ ಬೆಲೆ ಏನೆಂಬುದಕ್ಕೆ ಒಂದು ಉದಾಹರಣೆಯನ್ನು ಭಾವಿಸಬಹುದು. ಮಳೆಯಾಶ್ರಯದ ರೈತನೊಬ್ಬನಿಗೆ ಮೇಲಿನ ಹೊಲ ಒಂದು ಎಕರೆ, ಕೆರೆಯ ಮಗ್ಗುಲಿನ ಹೊಲ ಒಂದು ಎಕರೆ ಇದೆ. ಎರಡರಲ್ಲಿಯೂ ಅದೇ ದೀರ್ಘಾವಧಿ ರಾಗಿ ತಳಿ. ಒಟ್ಟು 14 ಕ್ವಿಂಟಾಲ್ ರಾಗಿ ಮನೆಗೆ ಬಂತು. ಎಕರೆಗೆ 7 ಕ್ವಿಂಟಾಲ್ ಎಂದು ಲೆಕ್ಕ ಹಾಕಿ ಮನೆಯವರು ಸುಮ್ಮನಾಗುತ್ತಾರೆ. ಎರಡು ಹೊಲಗಳ ರಾಶಿಯನ್ನು ಬೇರೆ ಬೇರೆ ತೂಗಿ, ಬೇರೆ ಪುಟಗಳಲ್ಲಿ ಬರೆದಿದ್ದರೆ ಮೇಲಿನ ಹೊಲ 9 ಕ್ವಿಂಟಾಲ್, ಕೆರೆ ಹೊಲ 5 ಕ್ವಿಂಟಾಲ್ ಕೊಟ್ಟದ್ದು ಕಾಣುತ್ತಿತ್ತು.

ಇಷ್ಟು ಮಾತ್ರ ತಿಳಿದರೂ ಸಾಲದು. ಕೆರೆ ಹೊಲದ ಸತ್ವ ಇಳಿದಿದೆ ಎಂದು ರೈತನು ಹೆಚ್ಚು ಗೊಬ್ಬರ ಸುರಿಯಬಹುದು, ಇಲ್ಲವೇ ಆ ಹೊಲವನ್ನು ಕಡಿಮೆ ಗುತ್ತಿಗೆಗೆ ಬೇರೆಯವರಿಗೆ ಕೊಟ್ಟುಬಿಡಬಹುದು. ಆದರೆ ಅದೇ ಪುಟದಲ್ಲಿ ಬಿತ್ತನೆಯ ದಿನವೂ ಇದ್ದರೆ? ಮೇಲಿನ ಹೊಲವನ್ನು ಜುಲೈ 22ರಂದು ಬಿತ್ತಲಾಗಿತ್ತು. ಟ್ರ್ಯಾಕ್ಟರಿನ ಸರದಿಗಾಗಿ ಕಾದು ಕೆರೆ ಹೊಲವನ್ನು ಬಿತ್ತಿದ್ದು ಆಗಸ್ಟ್ 14ರಂದು. ತೆನೆ ಕಟ್ಟುವ ಹೊತ್ತಿಗೆ ಮಳೆ ಹಿಂದೆಗೆದಿತ್ತು. ಆಗ ತಪ್ಪು ನೆಲದ್ದೆಂದು ಹೇಳುವ ಮೊದಲು ಬಿತ್ತನೆ ತಡವಾದುದನ್ನು ಗಮನಿಸಬೇಕಾಗುತ್ತದೆ. ಮುಂದಿನ ವರ್ಷ ಕೆರೆ ಹೊಲವನ್ನೇ ಮೊದಲು ಬಿತ್ತಬಹುದು. ತಡವಾದರೆ ಇಂಡಾಫ್-9ರಂಥ ಅಲ್ಪಾವಧಿ ತಳಿಯನ್ನು ಆರಿಸಬಹುದು. ಒಂದು ವರ್ಷದ ಅಂಕಿಯಿಂದಲೇ ತೀರ್ಮಾನಕ್ಕೆ ಬರಬಾರದೆಂಬುದೂ ನಿಜ. ಎರಡು ಮೂರು ವರ್ಷಗಳ ಪುಟಗಳನ್ನು ಹೋಲಿಸಿದಾಗ ಸಂಶಯ ತೀರುತ್ತದೆ. ಒಂದು ತಾರೀಖು ಬರೆದಿಡದ ಕಾರಣ ಒಳ್ಳೆಯ ಹೊಲವೊಂದು ಕೈಬಿಟ್ಟುಹೋಗುವ ಸಂಭವವಿದೆ.

ಹಳೆಯ ಪ್ರಯೋಗಗಳ ಪಾಠ

ಹೊಲವಾರು ಬರೆದಿಡುವ ಪದ್ಧತಿಯ ಶಕ್ತಿಯನ್ನು ಕೃಷಿ ಸಂಶೋಧನೆಯ ಇತಿಹಾಸವೇ ತೋರಿಸಿಕೊಟ್ಟಿದೆ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಎಂಬಲ್ಲಿ ಜಾನ್ ಬೆನೆಟ್ ಲಾವೆಸ್ ಮತ್ತು ಜೋಸೆಫ್ ಹೆನ್ರಿ ಗಿಲ್ಬರ್ಟ್ 1843ರಲ್ಲಿ ಬ್ರಾಡ್‌ಬಾಕ್ ಎಂಬ ಹೊಲದಲ್ಲಿ ಗೋಧಿಯ ಪ್ರಯೋಗವನ್ನು ಆರಂಭಿಸಿದರು. ಹೊಲವನ್ನು ಉದ್ದುದ್ದ ಪಟ್ಟಿಗಳಾಗಿ ವಿಂಗಡಿಸಿ, ಒಂದಕ್ಕೆ ಕೊಟ್ಟಿಗೆ ಗೊಬ್ಬರ, ಕೆಲವಕ್ಕೆ ಬೇರೆ ಬೇರೆ ರಸಗೊಬ್ಬರ ಕೊಟ್ಟು, ಒಂದಕ್ಕೆ ಏನೂ ಕೊಡದೆ, ಪ್ರತಿ ಪಟ್ಟಿಯ ಇಳುವರಿಯನ್ನು ಬೇರೆಯಾಗಿ ತೂಗಿ ಬರೆದಿಟ್ಟರು. ಆ ಪ್ರಯೋಗ ಇಂದಿಗೂ ನಡೆದಿದೆ. ಲಾವೆಸ್ 1900ರಲ್ಲಿ, ಗಿಲ್ಬರ್ಟ್ 1901ರಲ್ಲಿ ತೀರಿಕೊಂಡರು. 1919ರಲ್ಲಿ ಅಲ್ಲಿಗೆ ಬಂದ ಆರ್.ಎ. ಫಿಶರ್ ಎಂಬ ಯುವ ಗಣಿತಜ್ಞನು ಆ ಹಳೆಯ ಅಂಕಿಗಳನ್ನು ಪರಿಶೀಲಿಸಿ, ಗೊಬ್ಬರದ ಪರಿಣಾಮ ಯಾವುದು, ಮಳೆಯದು ಯಾವುದು ಎಂಬುದನ್ನು ಬಿಡಿಸಿ ನೋಡುವ ವಿಧಾನಗಳನ್ನು ರೂಪಿಸಿದನು. ಇಳುವರಿ ವರ್ಷಗಳುದ್ದಕ್ಕೂ ನಿಧಾನವಾಗಿ ಏರಿಳಿದುದಕ್ಕೆ ಕಳೆಯ ಹಾವಳಿಯೂ ಕಾರಣವಿರಬೇಕೆಂದು ಅವನು ವಿವೇಚಿಸಿದನು. ಬರೆದಿಟ್ಟವರು ಕೇಳಿರದ ಪ್ರಶ್ನೆಗೂ ಅವರ ಪುಸ್ತಕ ಉತ್ತರ ಕೊಟ್ಟಿತು. ಏಕೆಂದರೆ ಪಟ್ಟಿಗಳನ್ನು ಅವರು ಬೆರೆಸಿರಲಿಲ್ಲ.

ನಮ್ಮ ನೆರೆಯ ಕೊಯಮತ್ತೂರಿನಲ್ಲಿಯೂ 1909ರಲ್ಲಿ ಇಂಥದೇ ಶಾಶ್ವತ ಗೊಬ್ಬರ ಪ್ರಯೋಗ ಆರಂಭವಾಯಿತು. ರೈತನ ಪುಸ್ತಕ ಸಂಶೋಧನಾ ಕೇಂದ್ರದ ಪುಸ್ತಕದಷ್ಟು ವಿವರವಾಗಿರಬೇಕಾಗಿಲ್ಲ. ಆದರೆ ಒಂದು ಹೊಲದ ಫಸಲನ್ನು ಇನ್ನೊಂದರ ಜೊತೆ ಬೆರೆಸದೆ ತೂಗುವ ಶಿಸ್ತು ಎರಡಕ್ಕೂ ಒಂದೇ.

ಪುಸ್ತಕದ ಅಂಗಾಂಗಗಳು

ಗಟ್ಟಿ ರಟ್ಟಿನ, ಸುಮಾರು 200 ಪುಟಗಳ ಉದ್ದನೆಯ ಪುಸ್ತಕ ಸಾಕು. ಮೊದಲು ಎಲ್ಲ ಪುಟಗಳಿಗೂ ಸಂಖ್ಯೆ ಹಾಕಬೇಕು. ಮೊದಲ ನಾಲ್ಕು ಪುಟಗಳನ್ನು ಪರಿವಿಡಿಗೆ ಬಿಡಬೇಕು. ಯಾವ ಹೊಲ ಯಾವ ಪುಟದಿಂದ, ದನಕರು ಯಾವ ಪುಟದಿಂದ, ಸಾಲ ಯಾವ ಪುಟದಿಂದ ಎಂಬುದು ಅಲ್ಲಿರಬೇಕು. ಪುಟಗಳ ಬಲ ಅಂಚನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ, ಪ್ರತಿ ಮೆಟ್ಟಿಲಿನ ಮೇಲೆ ಹೊಲದ ಹೆಸರು ಬರೆದರೆ ಪರಿವಿಡಿ ನೋಡದೆಯೂ ಪುಟ ಸಿಗುತ್ತದೆ.

ಐದನೆಯ ಪುಟದಲ್ಲಿ ಜಮೀನಿನ ಕೈನಕ್ಷೆ ಇರಲಿ. ಬಾವಿ, ಬದು, ದಾರಿ, ಮರ, ನೀರು ನಿಲ್ಲುವ ಜಾಗ ಇವನ್ನು ಗುರುತಿಸಬೇಕು. ಪ್ರತಿ ತುಂಡಿಗೂ ಮನೆಯವರು ಕರೆಯುವ ಹೆಸರನ್ನೇ ಕೊಡಬೇಕು. ‘ಹುಣಿಸೆಮರದ ಹೊಲ’ ಎಂದರೆ ಮನೆಯ ಮಗುವಿಗೂ ಗೊತ್ತು. ಸರ್ವೆ ನಂಬರು ಎಲ್ಲರಿಗೂ ನೆನಪಿರುವುದಿಲ್ಲ. ಆದರೂ ಸಾಲ, ವಿಮೆ, ಬೆಳೆ ಸಮೀಕ್ಷೆಗಳಿಗೆ ಬೇಕಾಗುವುದರಿಂದ ಹೆಸರಿನ ಕೆಳಗೆ ಸರ್ವೆ ನಂಬರನ್ನೂ ವಿಸ್ತೀರ್ಣವನ್ನೂ ಬರೆದಿಡಬೇಕು. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರ ಅಡಿ ಎಂಬ ಲೆಕ್ಕ ಅದೇ ಪುಟದಲ್ಲಿದ್ದರೆ ಅನುಕೂಲ. ಸರ್ವೆ ನಂಬರು ಒಂದೇ ಆದರೂ ಮಣ್ಣು ಎರಡು ಬಗೆಯದಾಗಿದ್ದರೆ ಅದನ್ನು ಎರಡು ಹೊಲಗಳೆಂದೇ ಎಣಿಸಬೇಕು.

ಪ್ರತಿ ಹೊಲಕ್ಕೆ ಎದುರುಬದುರಾದ ಎರಡು ಪುಟಗಳಿರಲಿ. ಎಡಪುಟದಲ್ಲಿ ಕೆಲಸ, ಬಲಪುಟದಲ್ಲಿ ಹಣ. ಎಡಪುಟಕ್ಕೆ ನಾಲ್ಕೇ ಕಲಮುಗಳು ಸಾಕು: ತಾರೀಖು, ಮಾಡಿದ ಕೆಲಸ, ಹಾಕಿದ ವಸ್ತು ಮತ್ತು ಪ್ರಮಾಣ, ಕಂಡ ಸಂಗತಿ. ಈ ಕೊನೆಯ ಕಲಮನ್ನು ಅಗಲವಾಗಿಯೇ ಬಿಡಬೇಕು. ‘ಮೂಡಲ ಬದುವಿನ ಕಡೆ ಪೈರು ಹಳದಿ’, ‘ಹಂದಿ ಕಾಟ’, ‘ಎರಡನೆಯ ಕುಂಟೆ ತಡವಾಯಿತು’ ಎಂಬಂಥ ಮಾತುಗಳೇ ಮುಂದಿನ ವರ್ಷ ದಾರಿ ತೋರಿಸುವುವು. ಮಣ್ಣು ಪರೀಕ್ಷೆಯ ಚೀಟಿಯನ್ನು ಆಯಾ ಹೊಲದ ಮೊದಲ ಪುಟಕ್ಕೇ ಅಂಟಿಸಬೇಕು. ಪೆಟ್ಟಿಗೆಯೊಳಗೆ ಭದ್ರವಾಗಿರುವ ಮಣ್ಣು ಆರೋಗ್ಯ ಚೀಟಿ ಬಿತ್ತನೆಯ ದಿನ ನೆನಪಿಗೆ ಬರುವುದಿಲ್ಲ.

ಹಿಂಬದಿಯ ರಟ್ಟಿಗೆ ಒಂದು ಕಾಗದದ ಚೀಲವನ್ನು ಅಂಟಿಸಿ ರಸೀದಿಗಳನ್ನೂ ಬೀಜದ ಚೀಲದ ಗುರುತುಚೀಟಿಗಳನ್ನೂ ಅದರಲ್ಲಿ ಹಾಕಬೇಕು. ಪೆನ್ಸಿಲನ್ನು ದಾರದಿಂದ ಪುಸ್ತಕಕ್ಕೇ ಕಟ್ಟಿ, ಪುಸ್ತಕವನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಬೇಕು. ಬೀರುವಿನಲ್ಲಿಟ್ಟ ಪುಸ್ತಕ ಸ್ವಚ್ಛವಾಗಿರುತ್ತದೆ, ಬರವಣಿಗೆ ಮಾತ್ರ ಇರುವುದಿಲ್ಲ.

ಮಳೆಯ ಪುಟ

ಮಳೆಯಾಶ್ರಯದ ಬೇಸಾಯದಲ್ಲಿ ಮಳೆಗೆ ಒಂದು ವಿಭಾಗ ಬೇಕೇ ಬೇಕು. ಇದನ್ನು ತಿಂಗಳವಾರು ಇಡಬೇಕೆಂಬ ಕಟ್ಟುಪಾಡಿಲ್ಲ. ನಮ್ಮ ರೈತರು ಮಳೆಯನ್ನು ನಕ್ಷತ್ರಗಳಿಂದ ಗುರುತಿಸುತ್ತಾರೆ. ಒಂದೊಂದು ಮಳೆಗೂ 13 ಅಥವಾ 14 ದಿನ. ಮೃಗಶಿರಾ ಜೂನ್ 8ರ ಸುಮಾರಿಗೆ, ಆರಿದ್ರಾ ಜೂನ್ 22ರ ಸುಮಾರಿಗೆ ಹುಟ್ಟುತ್ತದೆ. ಮನೆಯ ಹಿರಿಯರು ಈ ಲೆಕ್ಕದಲ್ಲಿಯೇ ಯೋಚಿಸುವುದಾದರೆ ಭರಣಿಯಿಂದ ಸ್ವಾತಿಯವರೆಗೆ ಒಂದೊಂದು ಮಳೆಗೆ ಒಂದೊಂದು ಸಾಲು ಇಟ್ಟು, ಪಕ್ಕದಲ್ಲಿ ತಾರೀಖನ್ನೂ ಪ್ರಮಾಣವನ್ನೂ ಬರೆಯಬೇಕು. ಹಿರಿಯರ ಅನುಭವವೂ ಹವಾಮಾನ ಇಲಾಖೆಯ ಅಂಕಿಯೂ ಆಗ ಒಂದೇ ಸಾಲಿನಲ್ಲಿ ಸೇರುತ್ತವೆ.

ಮಳೆ ಅಳೆಯಲು ದುಬಾರಿ ಉಪಕರಣವೇ ಬೇಕೆಂದಿಲ್ಲ. ಬಾಯಿಂದ ತಳದವರೆಗೆ ಒಂದೇ ಅಗಲವಿರುವ ಡಬ್ಬವನ್ನು ಮರ, ಗೋಡೆಗಳಿಂದ ದೂರ, ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿ, ಬೆಳಿಗ್ಗೆ 8-30ಕ್ಕೆ ಅಡಿಪಟ್ಟಿಯಿಂದ ನೀರಿನ ಆಳವನ್ನು ಅಳೆದರೆ ಅಷ್ಟು ಮಿಲಿಮೀಟರ್ ಮಳೆ ಎಂದು ತಿಳಿಯಬಹುದು. ಒಂದು ಮಿಲಿಮೀಟರ್ ಮಳೆ ಎಂದರೆ ಎಕರೆಗೆ 4,000 ಲೀಟರಿಗೂ ತುಸು ಹೆಚ್ಚು ನೀರು. 25 ಮಿಲಿಮೀಟರ್ ಮಳೆಯಲ್ಲಿ ಎಕರೆಗೆ ಸುಮಾರು ಒಂದು ಲಕ್ಷ ಲೀಟರ್ ಬಿದ್ದಿರುತ್ತದೆ. ಬದು ಒಡೆದು ಅದರಲ್ಲಿ ಎಷ್ಟು ಹರಿದುಹೋಯಿತೆಂಬುದನ್ನು ‘ಕಂಡ ಸಂಗತಿ’ಯ ಕಲಮು ಹೇಳಬೇಕು.

ಅಳತೆಯಲ್ಲಿ ಎಚ್ಚರ

ಪುಸ್ತಕದ ವಿನ್ಯಾಸ ಎಷ್ಟೇ ಚೆನ್ನಾಗಿದ್ದರೂ ಅಳತೆ ಸಡಿಲವಾದರೆ ಅದು ಕೆಲಸಕ್ಕೆ ಬಾರದು. ‘ಯೂರಿಯಾ ಒಂದು ಚೀಲ’ ಎಂದು ಬರೆಯುವುದು ರೂಢಿ. 2018ಕ್ಕೆ ಮುಂಚೆ ಯೂರಿಯಾ ಚೀಲ 50 ಕಿಲೋ ಇತ್ತು. ಆ ವರ್ಷದಿಂದ 45 ಕಿಲೋ ಆಯಿತು. ಯೂರಿಯಾದಲ್ಲಿ ಶೇಕಡ 46ರಷ್ಟು ಸಾರಜನಕವಿರುವುದರಿಂದ ಹಳೆಯ ಚೀಲದಲ್ಲಿ 23 ಕಿಲೋ, ಹೊಸ ಚೀಲದಲ್ಲಿ 20.7 ಕಿಲೋ ಸಾರಜನಕ. ಹತ್ತು ವರ್ಷದ ಹಿಂದಿನ ಪುಟವನ್ನೂ ಈಗಿನ ಪುಟವನ್ನೂ ಹೋಲಿಸುವವನು ‘ಒಂದು ಚೀಲ’ ಎಂಬ ಮಾತಿನಿಂದ ಮೋಸಹೋಗುತ್ತಾನೆ. ಆದ್ದರಿಂದ ಕಿಲೋದಲ್ಲಿಯೇ ಬರೆಯಬೇಕು.

ಸೇರು, ಪಲ್ಲ, ಖಂಡುಗಗಳೂ ಹೀಗೆಯೇ ಊರಿಂದ ಊರಿಗೆ ಬೇರೆ. ಈ ಮಾತುಗಳನ್ನು ಬಿಡಬೇಕಾಗಿಲ್ಲ. ಮನೆಯ ಸೇರು ರಾಗಿಯಲ್ಲಿ ಎಷ್ಟು ಗ್ರಾಂ, ಮನೆಯ ಗಾಡಿ ಕೊಟ್ಟಿಗೆ ಗೊಬ್ಬರದಲ್ಲಿ ಎಷ್ಟು ಕಿಲೋ, ಮಂಕರಿ ಎಷ್ಟು ಕಿಲೋ ಎಂದು ಒಮ್ಮೆ ತೂಗಿ, ಪುಸ್ತಕದ ಆರನೆಯ ಪುಟದಲ್ಲಿ ಪಟ್ಟಿಮಾಡಿದರೆ ಸಾಕು. ಆಮೇಲೆ ‘6 ಗಾಡಿ’ ಎಂದು ಬರೆದರೂ ಅರ್ಥವಾಗುತ್ತದೆ.

ತಳಿಯ ಹೆಸರನ್ನೂ ಪೂರ್ತಿ ಬರೆಯಬೇಕು. ಬರಿಯ ‘ರಾಗಿ’ ಎಂದರೆ ಏನೂ ತಿಳಿಯದು. ಇಂಡಾಫ್ ಎಂಬ ಹೆಸರನ್ನೇ ನೋಡಬಹುದು: ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಸಿ.ಎಚ್. ಲಕ್ಷ್ಮಣಯ್ಯನವರು ಇಂಡಿಯಾದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಸಂಕರಗೊಳಿಸಿ ಪಡೆದ ತಳಿಗಳಿಗೆ ಆ ಎರಡು ನಾಡುಗಳ ಹೆಸರು ಸೇರಿ ಇಂಡಾಫ್ ಎಂದಾಯಿತು. ಅದರಲ್ಲಿ ಇಂಡಾಫ್-8 ದೀರ್ಘಾವಧಿಯದು, ಇಂಡಾಫ್-9 ಅಲ್ಪಾವಧಿಯದು. ಹೆಸರಿನ ಮುಂದಿನ ಒಂದು ಅಂಕಿ ಬಿಟ್ಟರೆ ಇಡೀ ಪುಟವೇ ದಾರಿತಪ್ಪಿಸುತ್ತದೆ.

ಮನೆಯವರ ದುಡಿಮೆಗೆ ಒಂದು ಕಲಮು

ಉತ್ತವನು ಲೆಕ್ಕ ನೋಡಿದರೆ ಅಳತೆಯ ಪಾತ್ರೆಯೂ ಉಳಿಯದು ಎಂಬರ್ಥದ ಗಾದೆಯೊಂದು ತಮಿಳರಲ್ಲಿದೆ. ಬೇಸಾಯದಲ್ಲಿ ಲೆಕ್ಕ ನೋಡಬಾರದೆಂಬ ಮಾತು ನಮ್ಮ ಹಳ್ಳಿಗಳಲ್ಲಿಯೂ ಕೇಳಿಬರುತ್ತದೆ. ಲೆಕ್ಕ ನೋಡಿದರೆ ದುಃಖವಾಗುತ್ತದೆಂಬ ಭಯವೇ ಇದರ ಹಿಂದಿದೆ. ಆದರೆ ನೋಡದಿದ್ದ ಮಾತ್ರಕ್ಕೆ ನಷ್ಟ ಇಲ್ಲವಾಗುವುದಿಲ್ಲ.

ಬಲಪುಟದಲ್ಲಿ ಮೂರು ಕಲಮುಗಳಿರಲಿ. ಮೊದಲನೆಯದು, ಕೈಯಿಂದ ಕೊಟ್ಟ ಹಣ. ಎರಡನೆಯದು, ಮನೆಯಿಂದಲೇ ಹಾಕಿದ ಬೀಜ, ಗೊಬ್ಬರ, ಎತ್ತಿನ ಕೆಲಸ. ಮೂರನೆಯದು, ಮನೆಯವರು ದುಡಿದ ದಿನಗಳು. ಈ ಮೂರನೆಯ ಕಲಮಿನಲ್ಲಿ ರೂಪಾಯಿ ಬರೆಯದೆ ಆಳಿನ ದಿನಗಳನ್ನು ಮಾತ್ರ ಬರೆಯಬೇಕು. ಹೆಂಗಸರ ದಿನವನ್ನೂ ಗಂಡಸರ ದಿನವನ್ನೂ ಎರಡನ್ನೂ ಬರೆಯಬೇಕು. ಬೆಂಬಲ ಬೆಲೆಯನ್ನು ಶಿಫಾರಸು ಮಾಡುವ ಕೇಂದ್ರದ ಆಯೋಗವೂ ಕೈಯಿಂದ ಕೊಟ್ಟ ಖರ್ಚನ್ನು ಒಂದು ಬಗೆಯಾಗಿ, ಮನೆಯವರ ದುಡಿಮೆಯನ್ನು ಸೇರಿಸಿದ ಖರ್ಚನ್ನು ಇನ್ನೊಂದು ಬಗೆಯಾಗಿ ಲೆಕ್ಕ ಹಾಕುತ್ತದೆ.

ಉದಾಹರಣೆಗೆ, ಮೇಲೆ ಹೇಳಿದ ಮೇಲಿನ ಹೊಲದ 9 ಕ್ವಿಂಟಾಲ್ ರಾಗಿಗೆ ಕ್ವಿಂಟಾಲಿಗೆ 4,000 ರೂಪಾಯಿಯಂತೆ 36,000 ರೂಪಾಯಿ ಎಂದು ಇಟ್ಟುಕೊಂಡರೆ, ಕೈಯಿಂದ ಕೊಟ್ಟದ್ದು 22,000 ಎಂದಾದರೆ, ಉಳಿದದ್ದು 14,000 ರೂಪಾಯಿ. ಲಾಭವೆಂದು ಸಂತೋಷಪಡಬಹುದು. ಆದರೆ ಮನೆಯವರು ಆ ಹೊಲದಲ್ಲಿ ದುಡಿದದ್ದು 40 ದಿನಗಳಾದರೆ, ದಿನಕ್ಕೆ ದೊರೆತದ್ದು 350 ರೂಪಾಯಿ. ಊರಿನಲ್ಲಿ ಕೂಲಿ 450 ಇದ್ದರೆ ಮನೆಯವರು ಒಟ್ಟು 4,000 ರೂಪಾಯಿ ಕಡಿಮೆಗೆ ದುಡಿದಂತಾಯಿತು. ಹಾಗೆಂದು ರಾಗಿಯನ್ನು ಕೈಬಿಡುವ ಮೊದಲು ಹುಲ್ಲಿನ ಲೆಕ್ಕವನ್ನು ನೋಡಬೇಕು. ಹುಲ್ಲು ಎಷ್ಟು ಹೊರೆ ಬಂತು, ಅದನ್ನು ಕೊಳ್ಳಬೇಕಾಗಿದ್ದರೆ ಎಷ್ಟಾಗುತ್ತಿತ್ತು ಎಂಬುದನ್ನು ಬರೆದಿದ್ದರೆ ಆ 4,000 ತುಂಬಿಬರಬಹುದು. ಹಾಲಿನ ಲೆಕ್ಕದಲ್ಲಿ ಕಾಣುವ ಲಾಭದ ಒಂದು ಪಾಲು ರಾಗಿ ಹೊಲದಿಂದ ಬಂದದ್ದೆಂಬುದು ಆಗ ಗೊತ್ತಾಗುತ್ತದೆ. ಈ ಅಂಕಿಗಳು ಉದಾಹರಣೆಗೆ ಮಾತ್ರ. ಅವರವರ ಪುಸ್ತಕದಲ್ಲಿ ಅವರವರದೇ ಅಂಕಿ ಬರಬೇಕು.

ಮೂರನೆಯ ಕಲಮನ್ನು ತುಂಬಲು ಮನೆಯ ಹೆಂಗಸರನ್ನು ಕೇಳದೆ ಗತಿಯಿಲ್ಲ. ಕಳೆ ಕಿತ್ತವರು, ಕಾಳು ಹಸನು ಮಾಡಿದವರು, ದನ ನೋಡಿಕೊಂಡವರು ಅವರೇ. ಹಲವು ಮನೆಗಳಲ್ಲಿ ಪುಸ್ತಕವನ್ನು ಅವರ ಕೈಗೇ ಕೊಡುವುದು ಲೇಸು.

ಊರಿಗೊಂದು, ಬೆಳೆಗೊಂದು ರಚನೆ

ಪುಸ್ತಕದ ವರ್ಷ ಎಲ್ಲಿಂದ ಆರಂಭವಾಗಬೇಕೆಂಬುದನ್ನೂ ಬೆಳೆಯೇ ಗೊತ್ತುಮಾಡಬೇಕು. ಬಯಲುಸೀಮೆಯ ರೈತನಿಗೆ ಯುಗಾದಿಯಿಂದ, ಮುಂಗಾರಿನ ಮೊದಲ ಉಳುಮೆಯಿಂದ ಆರಂಭಿಸುವುದು ಸಹಜ. ಕಬ್ಬು 12 ತಿಂಗಳಿಗೂ ಹೆಚ್ಚು ಕಾಲ ನೆಲದಲ್ಲಿರುವುದುಂಟು. ಅದರ ಪುಟವನ್ನು ನೆಟ್ಟ ದಿನದಿಂದ ಕಟಾವಿನವರೆಗೆ ನಡೆಸಿ, ಕೂಳೆ ಬೆಳೆಗೆ ಹೊಸ ಪುಟ ತೆರೆಯಬೇಕು. ಅಡಿಕೆ ತೋಟದವನು ಕೊಯ್ಲು ಮುಗಿದ ಮೇಲೆ ವರ್ಷ ಬದಲಿಸುವುದು ಒಳ್ಳೆಯದು. ಕೊಳೆರೋಗಕ್ಕೆ ಸಿಂಪಡಿಸುವ ಶೇಕಡ ಒಂದರ ಬೋರ್ಡೋ ದ್ರಾವಣಕ್ಕೆ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿದ ದ್ರಾವಣಕ್ಕೆ, ಅವನ ಪುಸ್ತಕದಲ್ಲಿ ಒಂದು ಪ್ರತ್ಯೇಕ ಪುಟವೇ ಬೇಕು. ಮಳೆಗಾಲಕ್ಕೆ ಮುಂಚೆ ಮೊದಲ ಸಿಂಪರಣೆಯ ತಾರೀಖು, ಅಲ್ಲಿಂದ 40-45 ದಿನಕ್ಕೆ ಎರಡನೆಯದರ ತಾರೀಖು ಮೊದಲೇ ಬರೆದಿಟ್ಟರೆ ಪುಸ್ತಕವೇ ಕೆಲಸವನ್ನು ನೆನಪಿಸುತ್ತದೆ.

ತರಕಾರಿ ಬೆಳೆಯುವವನಿಗೆ ಔಷಧಿಯ ಪುಟ ಮುಖ್ಯ. ಅಲ್ಲಿ ವ್ಯಾಪಾರದ ಹೆಸರನ್ನಷ್ಟೇ ಅಲ್ಲ, ಡಬ್ಬಿಯ ಮೇಲಿರುವ ಮೂಲ ರಾಸಾಯನಿಕದ ಹೆಸರನ್ನೂ ಬರೆಯಬೇಕು. ಎರಡು ಬೇರೆ ಹೆಸರಿನ ಡಬ್ಬಿಗಳಲ್ಲಿ ಒಂದೇ ವಿಷವಿರಬಹುದು. ಔಷಧಿ ಬದಲಾಯಿಸಿದೆನೆಂದು ತಿಳಿದು ಅದನ್ನೇ ಮತ್ತೆ ಸಿಂಪಡಿಸಿದರೆ ಕೀಟ ಅದಕ್ಕೆ ಒಗ್ಗಿಕೊಳ್ಳುತ್ತದೆ. ಸಿಂಪಡಿಸಿದ ದಿನ, ಕೊಯ್ಯಬಹುದಾದ ದಿನ ಎರಡನ್ನೂ ಕೆಂಪು ಪೆನ್ಸಿಲಿನಲ್ಲಿ ಬರೆಯಬೇಕು. ಮಾರುಕಟ್ಟೆಯಲ್ಲಿ ಕೊಳ್ಳುವವರ ಆರೋಗ್ಯ ಈ ಒಂದು ಸಾಲಿನ ಮೇಲೆ ನಿಂತಿದೆ.

ಹಸು ಕಟ್ಟಿದವರಿಗೆ ಒಂದೊಂದು ಹಸುವಿಗೂ ಒಂದು ಪುಟ. ಗರ್ಭಧಾರಣೆ ಮಾಡಿಸಿದ ದಿನ ಬರೆದು, 21ನೆಯ ದಿನದ ಸುಮಾರಿಗೆ ಮತ್ತೆ ಬೆದೆಗೆ ಬಂತೇ ಎಂದು ನೋಡಲು ಗುರುತು ಹಾಕಬೇಕು. ನಿಂತಿದ್ದರೆ ಸುಮಾರು 280ನೆಯ ದಿನಕ್ಕೆ ಕರುವಿನ ನಿರೀಕ್ಷೆ. ಎಮ್ಮೆಗಾದರೆ ಸುಮಾರು 310 ದಿನ.

ಬೆಳೆ ವಿಮೆ ಮಾಡಿಸಿದವರು ಅರ್ಜಿಯ ಸಂಖ್ಯೆ, ಕಂತು ಕಟ್ಟಿದ ದಿನ, ಸಹಾಯವಾಣಿಯ ಸಂಖ್ಯೆ ಇವನ್ನು ಪರಿವಿಡಿಯ ಪುಟದಲ್ಲಿಯೇ ಬರೆದಿಡಬೇಕು. 2016ರಲ್ಲಿ ಆರಂಭವಾದ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಮಳೆ, ಭೂಕುಸಿತಗಳಂಥ ಸ್ಥಳೀಯ ವಿಪತ್ತಿಗೆ 72 ಗಂಟೆಗಳೊಳಗೆ ತಿಳಿವಳಿಕೆ ಕೊಡಬೇಕೆಂಬ ನಿಯಮವಿದೆ. ಆಲಿಕಲ್ಲು ಬಿದ್ದ ಸಂಜೆ ಕಾಗದ ಹುಡುಕುತ್ತ ಕುಳಿತರೆ ಮೂರು ದಿನ ಕಳೆದುಹೋಗುವುದು ಗೊತ್ತಾಗುವುದಿಲ್ಲ.

ಮೊಬೈಲ್ ಫೋನಿನ ನೆರವು

ಈಗ ಬಹುತೇಕ ಮನೆಗಳಲ್ಲಿ ಮೊಬೈಲ್ ಇದೆ. ರೋಗದ ಎಲೆ, ರಸೀದಿ, ಔಷಧಿ ಡಬ್ಬಿಯ ಚೀಟಿ ಇವುಗಳ ಚಿತ್ರ ತೆಗೆದಿಡಲು ಅದು ಬಹಳ ಅನುಕೂಲ. ಆದರೆ ಅಲ್ಲಿಯೂ ರಚನೆಯ ಪ್ರಶ್ನೆ ಇದ್ದೇ ಇದೆ. ಮದುವೆಯ ಚಿತ್ರಗಳ ನಡುವೆ ಬಿದ್ದ ರೋಗದ ಚಿತ್ರ ಮತ್ತೆ ಸಿಗುವುದಿಲ್ಲ. ಪುಸ್ತಕದಲ್ಲಿ ಇಟ್ಟ ಹೊಲದ ಹೆಸರುಗಳನ್ನೇ ಮೊಬೈಲಿನ ವಿಭಾಗಗಳಿಗೂ ಇಟ್ಟು, ಚಿತ್ರ ತೆಗೆದ ದಿನ ಪುಸ್ತಕದಲ್ಲಿ ‘ಚಿತ್ರ ಇದೆ’ ಎಂದು ಗುರುತು ಮಾಡಬೇಕು. ಫೋನು ಕೆಟ್ಟರೂ ಕಳೆದರೂ ಪುಸ್ತಕ ಉಳಿಯುತ್ತದೆ.

ವರ್ಷಕ್ಕೊಮ್ಮೆ ತಿದ್ದುಪಡಿ

ಮೊದಲ ವರ್ಷದ ರಚನೆಯೇ ಕೊನೆಯದೆಂದು ತಿಳಿಯಬಾರದು. ವರ್ಷದ ಕೊನೆಯಲ್ಲಿ ಮನೆಯವರೆಲ್ಲ ಕುಳಿತು ಪುಸ್ತಕವನ್ನು ಓದಬೇಕು. ಯಾವ ಕಲಮು ಖಾಲಿ ಉಳಿದಿದೆಯೋ ಅದನ್ನು ತೆಗೆಯಬೇಕು. ಅಂಚಿನಲ್ಲಿ, ಸಂದಿಯಲ್ಲಿ ಏನನ್ನು ಮತ್ತೆ ಮತ್ತೆ ಬರೆಯಲಾಗಿದೆಯೋ ಅದಕ್ಕೆ ಒಂದು ಕಲಮು ಕೊಡಬೇಕು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಹೊಲದ ಹೆಸರನ್ನೂ ಅಳತೆಯನ್ನೂ ವರ್ಷದ ನಡುವೆ ಬದಲಾಯಿಸಬಾರದು. ಹೊಲವನ್ನು ಪಾಲು ಮಾಡಿದರೆ, ಬದು ಸರಿಸಿದರೆ, ಆ ದಿನವನ್ನು ನಕ್ಷೆಯ ಪುಟದಲ್ಲಿ ಕಾಣಿಸಬೇಕು. ಇಲ್ಲವಾದರೆ ಹಳೆಯ ಪುಟಕ್ಕೂ ಹೊಸ ಪುಟಕ್ಕೂ ಹೋಲಿಕೆ ತಪ್ಪುತ್ತದೆ.

ವಿಸ್ತರಣಾ ಕಾರ್ಯಕರ್ತರು ರೈತನ ಪುಸ್ತಕವನ್ನು ನೋಡಿದಾಗ ತಪ್ಪು ಹುಡುಕದೆ, ಅದರಲ್ಲಿ ಬರೆದ ಒಂದು ಸಂಗತಿಯನ್ನಾದರೂ ಹಿಡಿದು ಮಾತಾಡಬೇಕು. ತನ್ನ ಬರವಣಿಗೆಯಿಂದ ಒಂದು ಸಲಹೆ ಹುಟ್ಟಿತೆಂದು ಕಂಡ ರೈತನು ಮರುದಿನವೂ ಬರೆಯುತ್ತಾನೆ. ಇಲಾಖೆಯ ನಮೂನೆಯನ್ನು ತುಂಬಿಸುವ ಸಲುವಾಗಿ ಅವನ ಪುಸ್ತಕದ ರಚನೆಯನ್ನು ಕೆಡಿಸಬಾರದು. ಪುಸ್ತಕದಿಂದ ನಮೂನೆಗೆ ಅಂಕಿ ತೆಗೆದುಕೊಳ್ಳಬೇಕೇ ಹೊರತು ನಮೂನೆಗಾಗಿ ಪುಸ್ತಕವಲ್ಲ.

ಕೊನೆಯದಾಗಿ ಇನ್ನೊಂದು ಮಾತು. ಹಿರಿಯರು ತೀರಿಕೊಂಡಾಗ ಮಕ್ಕಳಿಗೆ ಪಹಣಿ ಸಿಗುತ್ತದೆ, ಹೊಲ ಸಿಗುತ್ತದೆ. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ತುಂಡು ಶೇಂಗಾಕ್ಕೆ ಒಪ್ಪುತ್ತದೆ, ಯಾವ ಮಳೆಗೆ ಯಾವ ಬಿತ್ತನೆ ಕೈಹಿಡಿಯಿತು ಎಂಬ ಜ್ಞಾನ ಹಿರಿಯರೊಡನೆಯೇ ಹೋಗುತ್ತದೆ. ಪಟ್ಟಣದಿಂದ ಊರಿಗೆ ಮರಳಿದ ಮಗನೋ ಮಗಳೋ ಆ ಪಾಠವನ್ನು ನಷ್ಟಪಟ್ಟು ಮತ್ತೆ ಕಲಿಯಬೇಕಾಗುತ್ತದೆ. ಬಾಗಿಲ ಪಕ್ಕದ ಮೊಳೆಯಲ್ಲಿ ಹತ್ತು ವರ್ಷದ ಹೊಲದ ಪುಸ್ತಕಗಳು ತೂಗುತ್ತಿದ್ದರೆ ಆ ನಷ್ಟದ ಬಹುಪಾಲು ತಪ್ಪುತ್ತದೆ. ಮುಂದಿನ ಮುಂಗಾರಿಗೆ ಬೀಜ, ಗೊಬ್ಬರಗಳನ್ನು ತರುವ ದಿನವೇ ಒಂದು ಪುಸ್ತಕವನ್ನೂ ತಂದು, ಮನೆಯವರೊಡನೆ ಕುಳಿತು, ತಮ್ಮ ಹೊಲಗಳ ಹೆಸರಿನಲ್ಲಿ ಮೊದಲ ಗೆರೆಗಳನ್ನು ಎಳೆಯುವ ಕೆಲಸ ಪ್ರತಿ ರೈತ ಮನೆಯಲ್ಲಿಯೂ ಆಗಬೇಕಾಗಿದೆ.